ಒಡಿಶಾಕ್ಕೆ ಐದು ರಾತ್ರಿ: ಸಿಮಿಲಿಪಾಲ ಬಿಡಿ, ಭಿತರ್‌ಕನಿಕಾದ ಡಾಂಗಮಾಲ್‌ನಲ್ಲಿ ಒಂದು ರಾತ್ರಿ ಉಳಿಯಿರಿ

ನಮಸ್ಕಾರ ಅಕ್ಕ. ನಿಮ್ಮ ಪ್ರಶ್ನೆ, ಕೆಳಗಿನ ಉತ್ತರಗಳು ಎಲ್ಲವನ್ನೂ ಓದಿದೆ. ಐದು ರಾತ್ರಿ, ಐದು ಜನ. ಅತ್ತೆಯವರಿಗೆ ಮಂಡಿನೋವು, ಇಬ್ಬರು ಮಕ್ಕಳಿಗೆ ಪ್ರಾಣಿಗಳ ಹುಚ್ಚು. ಪಟ್ಟಿಯಲ್ಲಿ ಭುವನೇಶ್ವರ, ಪುರಿ, ಕೋನಾರ್ಕ್, ಚಿಲಿಕಾ, ಭಿತರ್‌ಕನಿಕಾ, ಸಿಮಿಲಿಪಾಲ. ಹೊರಡುವುದು ಡಿಸೆಂಬರ್ ಕೊನೆಗೆ. ಇಷ್ಟೂ ಜಾಗ ನೋಡಲು ಆಗುತ್ತಾ ಅನ್ನುವುದು ನಿಮ್ಮ ಪ್ರಶ್ನೆ. "ಬೆಳಗ್ಗೆ ಬೇಗ ಎದ್ದರೆ ಎಲ್ಲಾ ಆಗುತ್ತೆ" ಅಂತ ಒಬ್ಬರು ಬರೆದಿದ್ದಾರೆ. ಆಗಲ್ಲ. ಕಾರಿನ ಕಿಟಕಿಯಿಂದ ಹೆದ್ದಾರಿ ನೋಡಿಕೊಂಡು ಬರ್ತೀರಿ ಅಷ್ಟೇ.

ಒಡಿಶಾದಲ್ಲಿ ದೇವಸ್ಥಾನ ಮತ್ತು ಕಡಲು ಅಕ್ಕಪಕ್ಕದಲ್ಲೇ ಇವೆ. ಭುವನೇಶ್ವರದಿಂದ ಪುರಿಗೆ ಸುಮಾರು 60 ಕಿ.ಮೀ., ಪುರಿಯಿಂದ ಕೋನಾರ್ಕ್‌ಗೆ 35, ಕೋನಾರ್ಕ್‌ನಿಂದ ವಾಪಸ್ ಭುವನೇಶ್ವರಕ್ಕೆ 65. ಈ ತ್ರಿಕೋನದಲ್ಲಿ ಯಾರಿಗೂ ಸುಸ್ತಾಗಲ್ಲ. ತಲೆನೋವು ಇರುವುದು ಕಾಡಿನದ್ದು. ಹಕ್ಕಿಗಳ ಚಿಲಿಕಾ ಸರೋವರ ದಕ್ಷಿಣಕ್ಕೆ, ಮೊಸಳೆಗಳ ಭಿತರ್‌ಕನಿಕಾ ಈಶಾನ್ಯಕ್ಕೆ, ಹುಲಿಗಳ ಸಿಮಿಲಿಪಾಲ ಇನ್ನೂ ದೂರ ಉತ್ತರಕ್ಕೆ. ಅದಕ್ಕೇ ನನ್ನ ಸಲಹೆ ಇಷ್ಟು: ಮೊದಲು ಒಂದೇ ಒಂದು ಕಾಡನ್ನು ಆರಿಸಿಕೊಳ್ಳಿ, ಅಲ್ಲಿ ರಾತ್ರಿ ಉಳಿಯಿರಿ. ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ಹೋಟೆಲ್ ಮೊದಲು ಬುಕ್ ಮಾಡಿ ಆಮೇಲೆ ಕಾಡು ಹುಡುಕಬೇಡಿ.

ಸಿಮಿಲಿಪಾಲವನ್ನು ಈ ಸಲ ಬಿಡಿ. ಕಪ್ಪು ಹುಲಿಯ ಆಸೆ ಮಕ್ಕಳಿಗಿದೆ ಅಂದಿದ್ದೀರಿ. ಪಟ್ಟೆಗಳು ದಪ್ಪವಾಗಿ ಕೂಡಿಕೊಂಡು ಮೈಯೆಲ್ಲ ಕಪ್ಪಾಗಿ ಕಾಣುವ ಹುಲಿಗಳು ಅಲ್ಲಿರುವುದು ನಿಜ. ಆದರೆ ಅವು ಹೆಚ್ಚಾಗಿ ಸಿಕ್ಕಿರುವುದು ಇಲಾಖೆಯ ಕ್ಯಾಮೆರಾಗಳಿಗೆ, ಪ್ರವಾಸಿಗಳ ಕಣ್ಣಿಗಲ್ಲ. ಆ ಕಾಡಿಗೆ ಹೋಗಿ ಬರುವುದಕ್ಕೇ ಎರಡು ಮೂರು ದಿನ ಬೇಕು, ಜೀಪಿನ ಕುಲುಕಾಟ ಬೇರೆ. ಅತ್ತೆಯವರ ಮಂಡಿಗೆ ಅದು ಬೇಡ.

ಇನ್ನು ಉಳಿದದ್ದು ಎರಡು: ಮಂಗಳಾಜೋಡಿ ಅಥವಾ ಭಿತರ್‌ಕನಿಕಾ. ಮಂಗಳಾಜೋಡಿ ಚಿಲಿಕಾ ಸರೋವರದ ಉತ್ತರ ದಡದ ಹಳ್ಳಿ, ಭುವನೇಶ್ವರದಿಂದ ಒಂದೂವರೆ ಎರಡು ಗಂಟೆ ದಾರಿ. ಒಂದು ಕಾಲದಲ್ಲಿ ಹಕ್ಕಿ ಬೇಟೆಯಾಡುತ್ತಿದ್ದವರೇ ಅಲ್ಲಿ ಇವತ್ತು ಹಕ್ಕಿ ಕಾಯುತ್ತಾರೆ, ದೋಣಿಯಲ್ಲಿ ಕೂರಿಸಿಕೊಂಡು ತೋರಿಸುತ್ತಾರೆ. ಚಳಿಗಾಲದಲ್ಲಿ ಬಾತು, ಗಾಡ್‌ವಿಟ್, ನೇರಳೆ ಜಂಬುಕೋಳಿ ಎಲ್ಲ ಕೈಗೆ ಸಿಗುವಷ್ಟು ಹತ್ತಿರ. ಹಕ್ಕಿ ಫೋಟೋ ತೆಗೆಯುವವರಾದರೆ ನಾನು ಎರಡು ಮಾತಿಲ್ಲದೆ ಇದನ್ನೇ ಹೇಳುತ್ತಿದ್ದೆ. ಆದರೆ ದೋಣಿ ಚಿಕ್ಕದು, ಕೆಳಗಾಗಿ ಕೂರಬೇಕು. ಉದ್ದನೆಯ ಕೋಲು ಹಾಕಿ ನಿಧಾನಕ್ಕೆ ತಳ್ಳಿಕೊಂಡು ಹೋಗುತ್ತಾರೆ, ಕಾಲು ಚಾಚಲು ಜಾಗ ಕಮ್ಮಿ. ನಿಮ್ಮ ಮಕ್ಕಳು ಮೊಸಳೆ, ಹಾವು ಅಂತ ಕುಣಿಯುವ ವಯಸ್ಸಿನವರು. ಸುಮ್ನೆ ಕೂತು ಹಕ್ಕಿ ನೋಡ್ತಾರಾ, ನೀವೇ ಹೇಳಿ.

ಹಾಗಾಗಿ ನನ್ನ ಓಟು ಭಿತರ್‌ಕನಿಕಾಕ್ಕೆ. ರಸ್ತೆ ಉದ್ದ, ಒಪ್ಪುತ್ತೇನೆ. ಕಟಕ್, ಕೇಂದ್ರಾಪಡಾ, ರಾಜನಗರ ದಾಟಿ ಖೋಲಾ ಅಥವಾ ಗುಪ್ತಿ ಚೆಕ್‌ಪೋಸ್ಟ್ ತಲುಪಲು ನಾಲ್ಕು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಮೋಟಾರು ದೋಣಿ. ಅದರಲ್ಲಿ ಬೆಂಚು ಇರುತ್ತದೆ, ಮೇಲೆ ಸೂರು ಇರುತ್ತದೆ. ಹತ್ತುವಾಗ ಇಳಿಯುವಾಗ ಕೈ ಹಿಡಿದುಕೊಂಡರೆ ಮಂಡಿನೋವಿನವರಿಗೆ ಮಂಗಳಾಜೋಡಿಯ ದೋಣಿಗಿಂತ ಇದೇ ವಾಸಿ.

ಭಾರತದಲ್ಲಿ ಸುಂದರಬನ ಬಿಟ್ಟರೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಇದಕ್ಕೇ ಹೆಸರು. ಉಪ್ಪುನೀರಿನ ಮೊಸಳೆ 1,800ಕ್ಕೂ ಜಾಸ್ತಿ ಇವೆ. 1975ರಲ್ಲಿ ಶುರುವಾದ ಮೊಸಳೆ ಉಳಿಸುವ ಯೋಜನೆಯ ಫಲ ಅದು. ಆದರೆ ಒಂದು ಗುಟ್ಟು ತಿಳಿದಿರಲಿ. ಮೊಸಳೆ ಕಾಣುವುದು ಅದೃಷ್ಟಕ್ಕಿಂತ ಹೆಚ್ಚಾಗಿ ನೀರಿನ ಮಟ್ಟದ ಮೇಲೆ ನಿಂತಿದೆ. ಅಲ್ಲಿನ ಕಾಲುವೆಗಳಲ್ಲಿ ಸಮುದ್ರದ ಭರತ ಇಳಿತ ಒಳಗಿನವರೆಗೂ ಆಡುತ್ತದೆ. ಇಳಿತದ ಹೊತ್ತಿಗೆ ಎರಡೂ ದಡದಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಚಳಿಗಾಲದ ಬಿಸಿಲಿಗೆ ಮೊಸಳೆಗಳು ಆ ಕೆಸರಿನ ಮೇಲೆ ಬಂದು ಮೈ ಕಾಯಿಸುತ್ತವೆ. ಭರತದ ಹೊತ್ತಿಗೆ ಹೋದರೆ ಕಾಂಡ್ಲಾ ಬೇರು ಕೂಡ ನೀರಲ್ಲಿ, ಮೊಸಳೆಯೂ ನೀರಲ್ಲಿ. ಹಾಗಾಗಿ ದೋಣಿಯವನಿಗೆ "ನಾಳೆ ಬೆಳಗ್ಗೆ ನೀರು ಎಷ್ಟೊತ್ತಿಗೆ ಇಳಿಯುತ್ತೆ" ಅಂತ ಹಿಂದಿನ ಸಂಜೆಯೇ ಕೇಳಿ, ಆ ಹೊತ್ತಿಗೆ ಹೊರಡಿ. ಒಂದೇ ದಿನದಲ್ಲಿ ಹೋಗಿ ಬರುವ ಪ್ಯಾಕೇಜ್ ಬೇಡ ಅನ್ನುವುದು ಇದಕ್ಕೇ. ಅವರ ದೋಣಿ ಮಧ್ಯಾಹ್ನ ಹೊರಡುತ್ತೆ, ನೀರು ಹೇಗಿದ್ದರೂ ಹೊರಡುತ್ತೆ.

ಉಳಿಯಲು ಭಿತರ್‌ಕನಿಕಾದ ಒಳಗೇ ಇರುವ ಡಾಂಗಮಾಲ್‌ನಲ್ಲಿ ಅರಣ್ಯ ಇಲಾಖೆಯ ಕಾಟೇಜ್‌ಗಳಿವೆ. ಇಲಾಖೆಯ ಇಕೋಟೂರ್ ವೆಬ್‌ಸೈಟಿನಲ್ಲಿ ಬುಕ್ ಮಾಡಬಹುದು, ಊಟ ಅಲ್ಲೇ. ಕತ್ತಲಾದ ಮೇಲೆ ಜಿಂಕೆಗಳು ಅಂಗಳದಲ್ಲೇ ಓಡಾಡುತ್ತವೆ, ಮಕ್ಕಳಿಗೆ ಅದೇ ಹಬ್ಬ. ಮೊಸಳೆ ಅಸ್ಥಿಪಂಜರ ಇಟ್ಟಿರುವ ಪುಟ್ಟ ಮ್ಯೂಸಿಯಂ ಕೂಡ ಇದೆ. ನೀರಿನ ಅಂಚಿಗೆ ಮಾತ್ರ ಯಾರನ್ನೂ ಬಿಡಬೇಡಿ, ಜೆಟ್ಟಿಯ ಮೇಲೆ ಕೂತು ಕಾಲು ಇಳಿಬಿಡುವುದಂತೂ ಬೇಡವೇ ಬೇಡ. ಇದು ನಮ್ಮ ರಂಗನತಿಟ್ಟಿನ ಮೊಸಳೆಯಲ್ಲ, ಬೇರೆ ಜಾತಿ. ಗಾತ್ರವೂ ಬೇರೆ, ಸ್ವಭಾವವೂ ಬೇರೆ.

ಈಗ ತಾರೀಕು. ಡಿಸೆಂಬರ್ ಕೊನೆ ವಾರ ಪುರಿಯಲ್ಲಿ ಕಾಲಿಡಲು ಜಾಗ ಇರಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಬಂಗಾಳದ ಅರ್ಧ ಜನ ಅಲ್ಲೇ ಇದ್ದಾರೇನೋ ಅನ್ನಿಸುತ್ತೆ. ಜನವರಿ ಮೊದಲ ಭಾಗದಲ್ಲಿ ಮೊಸಳೆ ಗಣತಿಗೆ ಅಂತ ಭಿತರ್‌ಕನಿಕಾವನ್ನು ಕೆಲವು ದಿನ ಮುಚ್ಚುತ್ತಾರೆ, ಬುಕ್ ಮಾಡುವ ಮೊದಲು ವಿಚಾರಿಸಿ. ಮಕ್ಕಳಿಗೆ ನಾಲ್ಕು ದಿನ ರಜಾ ಹಾಕಿಸಲು ಆಗುವುದಾದರೆ ಡಿಸೆಂಬರ್ ನಡುವಿನ ವಾರ ಹೋಗಿ. ಬೇಸಿಗೆ ರಜೆಗೆ ಮುಂದೂಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮೇ 1ರಿಂದ ಜುಲೈ 31ರವರೆಗೆ ಮೊಸಳೆ ಮೊಟ್ಟೆ ಇಡುವ ಕಾಲ, ಪಾರ್ಕ್ ಬಂದ್. ಪುರಿಯ ಸೆಕೆಯನ್ನು ನಾನು ಹೇಳಬೇಕಾಗಿಲ್ಲ. ಅದೂ ಅಲ್ಲದೆ ಜ್ಯೇಷ್ಠ ಹುಣ್ಣಿಮೆಯ ಸ್ನಾನ ಆದಮೇಲೆ ಸುಮಾರು ಹದಿನೈದು ದಿನ ಜಗನ್ನಾಥನ ದರ್ಶನವೇ ಇರಲ್ಲ. ದೇವರಿಗೆ ಜ್ವರ ಬಂದಿದೆ ಅಂತ ಬಾಗಿಲು ಹಾಕಿರುತ್ತಾರೆ. ದಸರಾ ರಜೆಯ ಅಕ್ಟೋಬರ್ ಅಂದರೆ ಚಂಡಮಾರುತದ ತಿಂಗಳು. 2024ರ ದಾನಾ ಚಂಡಮಾರುತ ಬಂದು ಅಪ್ಪಳಿಸಿದ್ದು ಇದೇ ಭಿತರ್‌ಕನಿಕಾ ಕಡೆಗೆ.

ಇಷ್ಟಾದ ಮೇಲೆ ದಿನ ಹೊಂದಿಸುವುದು ಸುಲಭ. ಬೆಂಗಳೂರಿಂದ ನೇರ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಮೊದಲ ದಿನ ಮಧ್ಯಾಹ್ನದೊಳಗೆ ಭುವನೇಶ್ವರ ಸೇರಿ, ಸಂಜೆ ಹಳೇ ಊರಿನ ಗುಡಿಗಳನ್ನು ನೋಡಿ, ಅಲ್ಲೇ ಮಲಗಿ. ಎರಡನೇ ದಿನ ಬೆಳಗ್ಗೆ ಆರಕ್ಕೆ ಹೊರಟು ಡಾಂಗಮಾಲ್. ಮೂರನೇ ದಿನ ಬೆಳಗಿನ ದೋಣಿ ಮುಗಿಸಿಕೊಂಡು ವಾಪಸ್ ಭುವನೇಶ್ವರ. ಅವತ್ತೇ ಪುರಿಗೆ ಎಳೆಯಬೇಡಿ, ಎಲ್ಲರ ಮುಖವೂ ಬಾಡುತ್ತೆ. ನಾಲ್ಕನೇ ದಿನ ಧೌಲಿಯಲ್ಲಿ ಅಶೋಕನ ಶಾಸನ, ಬಂಡೆಯಿಂದ ಹೊರಬರುತ್ತಿರುವಂತೆ ಕೆತ್ತಿದ ಆನೆ ನೋಡಿಕೊಂಡು ಪುರಿಗೆ. ಎರಡು ರಾತ್ರಿ ಪುರಿ. ಐದನೇ ದಿನ ಬೆಳಗ್ಗೆ ಕೋನಾರ್ಕ್. ಆರನೇ ದಿನ ವಿಮಾನ ಸಂಜೆಯದ್ದು ತಗೊಳ್ಳಿ, ಆಗ ಬೆಳಗ್ಗೆ ಕಡಲಿಗೆ ಸಮಯ ಸಿಗುತ್ತೆ.

ಭುವನೇಶ್ವರದಲ್ಲಿ ಲಿಂಗರಾಜ ದೊಡ್ಡದು, 11ನೇ ಶತಮಾನದ್ದು, ಈಗಲೂ ಪೂಜೆ ನಡೆಯುತ್ತದೆ. ಒಳಗೆ ಮೊಬೈಲ್, ಕ್ಯಾಮೆರಾ ಬಿಡಲ್ಲ. ನನಗೆ ಅದಕ್ಕಿಂತ ಇಷ್ಟ ಮುಕ್ತೇಶ್ವರ. ಪುಟ್ಟ ಗುಡಿ, ಮುಂದೆ ಕೆತ್ತನೆಯ ತೋರಣ, ಮೆಟ್ಟಿಲ ಕಾಟವಿಲ್ಲ. ಅತ್ತೆಯವರು ಕೂತು ನೋಡಬಹುದು. ಉದಯಗಿರಿ ಖಂಡಗಿರಿ ಗುಹೆಗಳು ಹತ್ತುವ ಜಾಗ, ಅವರನ್ನು ಎಳೆದುಕೊಂಡು ಹೋಗಬೇಡಿ. ಬಿಂದುಸಾಗರ ಕೊಳದ ದಡದ ಅನಂತ ವಾಸುದೇವ ದೇವಸ್ಥಾನದಲ್ಲಿ ಮಧ್ಯಾಹ್ನ ಪ್ರಸಾದದ ಊಟ ಸಿಗುತ್ತೆ, ಮಣ್ಣಿನ ಮಡಕೆಯ ಅಡುಗೆ. ಬೇಗ ಖಾಲಿಯಾಗುತ್ತೆ.

ಕೋನಾರ್ಕ್‌ಗೆ ನಸುಕಿಗೇ ಹೊರಡಿ. ದೇವಸ್ಥಾನದಿಂದ ಮೂರು ಕಿ.ಮೀ. ದೂರದ ಚಂದ್ರಭಾಗಾ ಕಡಲತೀರದಲ್ಲಿ ಸೂರ್ಯೋದಯ ನೋಡಿ, ಟೀ ಕುಡಿದು, ಟೂರ್ ಬಸ್ಸುಗಳು ಬರುವ ಮೊದಲೇ ದೇವಸ್ಥಾನಕ್ಕೆ. ಪೂರ್ವಕ್ಕೆ ಮುಖ ಮಾಡಿರುವ ಗುಡಿ, ಬೆಳಗಿನ ಬೆಳಕಿಗೆ ಕಟ್ಟಿದ್ದೇ ಅನ್ನಿ. 13ನೇ ಶತಮಾನದಲ್ಲಿ ಗಂಗ ವಂಶದ ಒಂದನೇ ನರಸಿಂಹದೇವ ಕಟ್ಟಿಸಿದ. ಈ ಕಳಿಂಗದ ಗಂಗರು ತಮ್ಮ ಶಾಸನಗಳಲ್ಲಿ ಮೂಲ ಊರು ಗಂಗವಾಡಿಯ ಕೋಲಾಹಲಪುರ ಅಂತ ಹೇಳಿಕೊಂಡಿದ್ದಾರೆ, ಅಂದರೆ ನಮ್ಮ ಕೋಲಾರ! ಮಕ್ಕಳ ಕೈಗೆ ಒಂದು ಹತ್ತರ ನೋಟು, ಒಂದು ಐವತ್ತರ ನೋಟು ಕೊಡಿ. ಹೊಸ ಹತ್ತರ ಹಿಂದೆ ಕೋನಾರ್ಕ್, ಐವತ್ತರ ಹಿಂದೆ ಹಂಪಿಯ ಕಲ್ಲಿನ ರಥ. ಎರಡೂ ರಥಗಳೇ. ಈಗ ನಿಂತಿರುವುದು ಮುಂದಿನ ಜಗಮೋಹನ, ಅಂದರೆ ಮಂಟಪ ಮಾತ್ರ, ಗರ್ಭಗುಡಿಯ ಮೇಲಿನ ಎತ್ತರದ ಗೋಪುರ ಎಂದೋ ಬಿದ್ದುಹೋಗಿದೆ. ಇದೂ ಕುಸಿಯಬಾರದು ಅಂತ 1903ರಲ್ಲಿ ಬ್ರಿಟಿಷರು ಒಳಗೆ ಮರಳು ತುಂಬಿಸಿ ಮುಚ್ಚಿದರು, ಹಾಗಾಗಿ ಒಳಗೆ ಹೋಗುವಂತಿಲ್ಲ. ಬೇಲೂರು ನೋಡಿದ ಕಣ್ಣಿಗೆ ಕಲ್ಲು ಒರಟು ಅನ್ನಿಸಬಹುದು. ಕಡಲ ಗಾಳಿಗೆ ಸವೆದಿದೆ ಕೂಡ. ಆದರೆ ಚಕ್ರಗಳ ಹತ್ತಿರ ನಿಂತು ನೋಡಿ. ಗುರುತಿನ ಚೀಟಿ ಇರುವ ಗೈಡ್ ತಗೊಳ್ಳಿ, ಚಕ್ರದ ನೆರಳಿನಲ್ಲಿ ಗಂಟೆ ಹೇಳುವುದನ್ನು ತೋರಿಸುತ್ತಾರೆ. ಮಿಥುನ ಶಿಲ್ಪಗಳು ಧಾರಾಳವಾಗಿವೆ, ಮಕ್ಕಳ ಪ್ರಶ್ನೆಗೆ ಉತ್ತರ ರೆಡಿ ಇಟ್ಟುಕೊಳ್ಳಿ. ಪಕ್ಕದ ಪುರಾತತ್ವ ಮ್ಯೂಸಿಯಂ ಶುಕ್ರವಾರ ರಜಾ.

ಪುರಿ ದೇವಸ್ಥಾನಕ್ಕೆ ಬೇಗ ಬೆಳಗ್ಗೆ ಅಥವಾ ರಾತ್ರಿ ಊಟದ ಹೊತ್ತಿಗೆ ಹೋಗುವುದು ಒಳ್ಳೆಯದು. ವಾರದ ನಡುವಿನ ದಿನವಾದರೆ ಇನ್ನೂ ವಾಸಿ. ಮೊಬೈಲ್, ಚರ್ಮದ ಬೆಲ್ಟು, ಪರ್ಸು ಎಲ್ಲವನ್ನೂ ರೂಮಿನಲ್ಲೇ ಬಿಟ್ಟು ಬನ್ನಿ. 2024ರ ಜನವರಿಯಿಂದ ಉಡುಪಿನ ನಿಯಮವೂ ಇದೆ: ಚಡ್ಡಿ, ಹರಿದ ಜೀನ್ಸ್, ತೋಳಿಲ್ಲದ ಬಟ್ಟೆ ನಡೆಯಲ್ಲ. ಸಿಂಹದ್ವಾರ ದಾಟಿದ ಮೇಲೆ 22 ಮೆಟ್ಟಿಲು. ಅತ್ತೆಯವರನ್ನು ನಿಧಾನಕ್ಕೆ, ಗುಂಪಿನ ಅಂಚಿನಲ್ಲಿ ಹತ್ತಿಸಿ. ಪಂಡಾಗಳು, ಅಂದರೆ ದರ್ಶನ ಮಾಡಿಸುವ ಪುರೋಹಿತರು, ಸುತ್ತಿಕೊಳ್ಳುತ್ತಾರೆ. ದರ್ಶನಕ್ಕೆ ಪಂಡಾ ಬೇಕೇ ಬೇಕು ಅಂತೇನಿಲ್ಲ. ಬೇಕು ಅನ್ನಿಸಿದರೆ ಹೊರಗೇ ದುಡ್ಡು ಮಾತಾಡಿಕೊಳ್ಳಿ. ಒಳಗೆ ದಾನದ ಪುಸ್ತಕ ಮುಂದೆ ಹಿಡಿದರೆ ಕೈ ಮುಗಿದು ಮುಂದೆ ನಡೆಯಿರಿ, ಹುಂಡಿಗೆ ಹಾಕಿದರೆ ಸಾಕು. ಮಧ್ಯಾಹ್ನ ದಾಟಿದ ಮೇಲೆ ದೇವಸ್ಥಾನದ ಒಳಗಿನ ಆನಂದ ಬಜಾರಿನಲ್ಲಿ ಮಹಾಪ್ರಸಾದ. ಈರುಳ್ಳಿ ಬೆಳ್ಳುಳ್ಳಿ ಮಾತ್ರವಲ್ಲ, ಆಲೂಗಡ್ಡೆ ಟೊಮೇಟೊ ಕೂಡ ಹಾಕದ ಅಡುಗೆ. ಎಲ್ಲರೂ ಒಟ್ಟಿಗೆ ಕೂತು ತಿನ್ನುತ್ತಾರೆ, ಜಾತಿ ಪಂಕ್ತಿ ಭೇದ ಇಲ್ಲ. ಸಂಜೆ ಹೊರಗಿನ ದೊಡ್ಡ ರಸ್ತೆಯಲ್ಲಿ ನಿಂತು ತಲೆ ಎತ್ತಿ ನೋಡಿ. ಸುಮಾರು 214 ಅಡಿ ಎತ್ತರದ ಶಿಖರಕ್ಕೆ ಸೇವಕರು ಬರಿಗೈಯಲ್ಲಿ ಹತ್ತಿ ಬಾವುಟ ಬದಲಿಸುತ್ತಾರೆ. ದಿನವೂ ನಡೆಯುತ್ತದೆ. ನನ್ನ ಮಟ್ಟಿಗೆ ಪುರಿಯಲ್ಲಿ ಬಿಡಬಾರದ ದೃಶ್ಯ ಅದು.

ಕಡಲು ಚೆಂದ, ಆದರೆ ಒರಟು. ಗೋಕರ್ಣ, ಮುರುಡೇಶ್ವರದ ಅಂದಾಜಿನಲ್ಲಿ ಇಳಿಯಬೇಡಿ. ಅಲೆ ನಿಂತಲ್ಲೇ ಮುರಿಯುತ್ತದೆ, ವಾಪಸ್ ಹೋಗುವಾಗ ಕಾಲಡಿಯ ಮರಳನ್ನೇ ಎಳೆಯುತ್ತದೆ. ನುಲಿಯಾ ಅಂತ ಕರೆಯುವ ಮೀನುಗಾರರ ಸಮುದಾಯದವರು ತೀರದಲ್ಲಿ ಇರುತ್ತಾರೆ. ಸ್ವಲ್ಪ ದುಡ್ಡು ಕೊಟ್ಟರೆ ಮಕ್ಕಳ ಕೈ ಹಿಡಿದು ಆಡಿಸುತ್ತಾರೆ. 2020ರಲ್ಲಿ ಶುಚಿ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕ ಗೋಲ್ಡನ್ ಬೀಚ್ ಭಾಗ ಶುಚಿಯಾಗಿದೆ, ಅಲ್ಲಿಗೇ ಹೋಗಿ.

ಚಿಲಿಕಾ ಡಾಲ್ಫಿನ್ ಬಗ್ಗೆ ಕೇಳಿದ್ದಿರಿ. ಕೋನಾರ್ಕ್ ಮುಗಿಸಿ ಬಂದ ದಿನವೇ ಡಾಲ್ಫಿನ್ ದೋಣಿ ಹೊರಡುವ ಸಾತಪಡಾಕ್ಕೆ ಓಡುವುದು ಬೇಡ. ಪುರಿಯಿಂದ ಸುಮಾರು 50 ಕಿ.ಮೀ., ಬೆಳಗ್ಗೆ ಹೋದರೆ ಮಾತ್ರ ಚೆನ್ನ. ಹೋಗಲೇಬೇಕು ಅಂದರೆ ಇನ್ನೊಂದು ರಾತ್ರಿ ಸೇರಿಸಿ. ಅಲ್ಲಿರುವುದು ಇರಾವಡ್ಡಿ ಡಾಲ್ಫಿನ್. ಪೋಸ್ಟರಿನಲ್ಲಿರುವ ಹಾಗೆ ಗಾಳಿಯಲ್ಲಿ ಹಾರಲ್ಲ. ಮೊಂಡು ತಲೆ, ಬೂದು ಬೆನ್ನು ಒಂದು ಕ್ಷಣ ಕಂಡು ಮುಳುಗುತ್ತೆ. ದೋಣಿಯವನಿಗೆ ಬೆನ್ನಟ್ಟಬೇಡ, ಇಂಜಿನ್ ನಿಲ್ಲಿಸು ಅನ್ನಿ. ದ್ವೀಪದಲ್ಲಿ ಇಳಿಸಿದಾಗ ಯಾರಾದರೂ ಕಣ್ಣೆದುರೇ ಚಿಪ್ಪು ಒಡೆದು ಮುತ್ತು ತೆಗೆದು ತೋರಿಸುತ್ತಾರೆ. ಕೊಳ್ಳಬೇಡಿ, ಕೈಚಳಕ ಅದು.

ಕಡಲಾಮೆ ಡಿಸೆಂಬರಿನಲ್ಲಿ ದಡಕ್ಕೆ ಬರಲ್ಲ. ಋಷಿಕುಲ್ಯಾ ನದಿಮುಖದಲ್ಲಿ ಅವು ಸಾವಿರಗಟ್ಟಲೆ ಮೊಟ್ಟೆ ಇಡಲು ಬರುವುದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಅದು ಬೇರೆಯೇ ಪ್ರವಾಸ.

ಊಟಕ್ಕೆ ತೊಂದರೆ ಇಲ್ಲ. ಅನ್ನ, ದಾಲ್ಮಾ (ತರಕಾರಿ ಹಾಕಿದ ಬೇಳೆ) ಎಲ್ಲ ಕಡೆ ಸಿಗುತ್ತೆ. ಸಾಸಿವೆ ಅರೆದು ಹಾಕಿದ ಪಲ್ಯ ಒಗ್ಗದಿದ್ದರೆ ಮೊದಲೇ ಹೇಳಿ. ಕಟಕ್ ದಾರಿಯ ಪಹಾಲಾದಲ್ಲಿ ರಸಗುಲ್ಲಾ, ಎಲ್ಲಿ ಕಂಡರೂ ಪನೀರಿನ ಸಿಹಿ ಛೇನಾಪೋಡ ತಿನ್ನಿ. ಹಿಂದಿಯಲ್ಲಿ ಕೆಲಸ ನಡೆಯುತ್ತೆ.

ಕಾರನ್ನು ಆರೂ ದಿನಕ್ಕೆ ಒಂದೇ ಸಲ ಮಾತಾಡಿ. ಡ್ರೈವರ್ ಬಾಟಾ, ಟೋಲ್, ಡಾಂಗಮಾಲ್ ರಾತ್ರಿ ಅವನು ಉಳಿಯುವ ಖರ್ಚು ಯಾರದ್ದು ಅನ್ನುವುದನ್ನು ಬರೆಸಿಕೊಳ್ಳಿ. ದೋಣಿ ಬಾಡಿಗೆ ತಲೆಲೆಕ್ಕವಲ್ಲ, ಇಡೀ ದೋಣಿಗೆ. ಅಲ್ಲಿ ಇನ್ನೊಂದು ಕುಟುಂಬ ಸಿಕ್ಕರೆ ಹಂಚಿಕೊಳ್ಳಿ. ರಾಜನಗರ ದಾಟುವ ಮೊದಲೇ ನಗದು ಇಟ್ಟುಕೊಳ್ಳಿ, ಮುಂದೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಸೊಳ್ಳೆ ಮುಲಾಮು, ಎಲ್ಲರ ಆಧಾರ್, ಬೆಳಗಿನ ದೋಣಿಗೆ ಸ್ವೆಟರ್ ಮರೆಯಬೇಡಿ.

ಕಾಟೇಜ್ ಸಿಕ್ಕಿದ ತಾರೀಕನ್ನು ಇಲ್ಲೇ ಹಾಕಿ ಅಕ್ಕ. ಆ ದಿನದ ಭರತ ಇಳಿತದ ಹೊತ್ತು ನೋಡಿ, ಭುವನೇಶ್ವರದಿಂದ ಎಷ್ಟೊತ್ತಿಗೆ ಹೊರಟರೆ ಒಳ್ಳೆಯದು ಅಂತ ತಿಳಿಸುತ್ತೇನೆ.