ಗುಂಡು ಹೊಡೆದವನು ಪ್ಯಾರಿಸ್‌ನಲ್ಲಿ, ದಂಡ ತೆತ್ತವರು ಜರ್ಮನಿಯಲ್ಲಿ

ಪ್ರಶ್ನೆ: ನಮ್ಮ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಗಾಜಾದ ಮಕ್ಕಳ ಚಿತ್ರ ಹಾಕಿ, ‘ಈ ಯಹೂದಿಗಳೇ ಹೀಗೆ, ಹಿಟ್ಲರ್ ಸುಮ್ಮಸುಮ್ಮನೆ ಮಾಡಲಿಲ್ಲ’ ಎಂದು ಬರೆದರು. ಹಾಗೆನ್ನಬಾರದು ಎಂದೆ. ‘ಹಾಗಾದರೆ ಈ ಮಕ್ಕಳು ಸತ್ತದ್ದು ಸರಿಯೇ?’ ಎಂದು ಕೇಳಿದರು. ನಾನು ಏನು ಹೇಳಬೇಕಿತ್ತು ಸರ್?
– ಓದುಗರು, ದಾವಣಗೆರೆ

ಉತ್ತರ: ಸರಿಯಲ್ಲ ಎಂದು ಮೊದಲೇ ಹೇಳಿಬಿಡಿ. ಆ ಮಕ್ಕಳನ್ನು ನೋಡಿ ಯಾರ ಕರುಳಾದರೂ ಹಿಂಡುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆಮೇಲೆ ಅವರ ಮೊದಲ ಮಾತಿಗೆ ಬನ್ನಿ. ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ ‘ಹಿಟ್ಲರ್ ಸುಮ್ಮನೆ ಮಾಡಲಿಲ್ಲ’ ಎಂಬುದನ್ನು ಹುಡುಗರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆಗೆಲ್ಲ ಹರ್ಷೆಲ್ ಗ್ರಿನ್‌ಸ್ಪಾನ್‌ನ ಸಂಗತಿ ಹೇಳುತ್ತಿದ್ದೆ.

ಅವರದೇ ವಯಸ್ಸಿನ ಹುಡುಗ, ಹದಿನೇಳು ವರ್ಷ. ಹುಟ್ಟಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ತಂದೆತಾಯಿ ಪೋಲೆಂಡ್ ಮೂಲದ ಯಹೂದಿಗಳು. 1938ರ ಅಕ್ಟೋಬರ್ ಕೊನೆಯಲ್ಲಿ ಜರ್ಮನಿ ಇಂಥ ಸಾವಿರಾರು ಜನರನ್ನು ಮನೆಯಿಂದ ಎಬ್ಬಿಸಿ ಪೋಲೆಂಡಿನ ಗಡಿಗೆ ತಳ್ಳಿತು. ಪೋಲೆಂಡ್ ಕೂಡ ಅವರನ್ನು ಒಳಕ್ಕೆ ಬಿಟ್ಟುಕೊಳ್ಳಲು ಹಿಂದೇಟು ಹಾಕಿತು. ಹೀಗೆ ಗಡಿಯಲ್ಲಿ ಸಿಕ್ಕಿಬಿದ್ದಿದ್ದ ಅಕ್ಕ ಬರೆದ ಕಾರ್ಡು ಪ್ಯಾರಿಸ್‌ನಲ್ಲಿದ್ದ ಹರ್ಷೆಲ್‌ಗೆ ತಲುಪಿತು. ನವೆಂಬರ್ 7ರಂದು ಅವನು ರಿವಾಲ್ವರ್ ಕೊಂಡು ಜರ್ಮನ್ ರಾಯಭಾರ ಕಚೇರಿಗೆ ಹೋಗಿ, ಎದುರಿಗೆ ಸಿಕ್ಕ ಅರ್ನ್ಸ್ಟ್ ಫೊಮ್ ರಾತ್ ಎಂಬ ಅಧಿಕಾರಿಗೆ ಗುಂಡು ಹೊಡೆದ. ಎರಡು ದಿನಕ್ಕೆ ಆತ ತೀರಿಕೊಂಡ. ಹುಡುಗನ ಸಂಕಟ ಎಷ್ಟೇ ದೊಡ್ಡದಿರಲಿ, ಅದು ಕೊಲೆ. ಅದಕ್ಕೆ ಹೊಣೆ ಅವನು. ಅವನಾಗಲೇ ಫ್ರೆಂಚ್ ಪೊಲೀಸರ ವಶದಲ್ಲಿದ್ದ.

ಆದರೆ 9ರ ರಾತ್ರಿ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಮ್ಯೂನಿಕ್‌ನಲ್ಲಿ ನಾಜಿ ಮುಖಂಡರ ಮುಂದೆ ಯಹೂದಿಗಳ ಮೇಲೆ ಎತ್ತಿಕಟ್ಟುವ ಭಾಷಣ ಮಾಡಿದ. ಬೆಳಗಾಗುವುದರೊಳಗೆ ಜರ್ಮನಿ, ಆಸ್ಟ್ರಿಯಾಗಳಲ್ಲಿ ಯಹೂದಿಗಳ ಸಾವಿರಾರು ಅಂಗಡಿಗಳು ಪುಡಿಯಾದವು, ನೂರಾರು ಪ್ರಾರ್ಥನಾ ಮಂದಿರಗಳು ಉರಿದವು. ಪಕ್ಕದ ಕಟ್ಟಡಕ್ಕೆ ಬೆಂಕಿ ಹರಡದಂತೆ ನೋಡಿಕೊಂಡರೆ ಸಾಕು ಎಂದು ಅಗ್ನಿಶಾಮಕ ದಳಕ್ಕೆ ಸೂಚನೆಯಿತ್ತು. ಸುಮಾರು 30,000 ಗಂಡಸರನ್ನು ಡಾಖಾವ್, ಬುಖೆನ್‌ವಾಲ್ಡ್, ಜಾಕ್ಸೆನ್‌ಹೌಸೆನ್ ಸೆರೆ ಶಿಬಿರಗಳಿಗೆ ತುಂಬಿದರು. ಅವರಲ್ಲಿ ಒಬ್ಬರೂ ಹರ್ಷೆಲ್ ಕೈಗೆ ರಿವಾಲ್ವರ್ ಕೊಟ್ಟವರಲ್ಲ.

ಇದರ ಮುಂದಿನ ಭಾಗವನ್ನು ನಾನು ತರಗತಿಯಲ್ಲಿ ನಿಧಾನವಾಗಿ ಹೇಳುತ್ತಿದ್ದೆ. ನವೆಂಬರ್ 12ರಂದು ಹಿಟ್ಲರನ ಇನ್ನೊಬ್ಬ ಮಂತ್ರಿ ಗೋರಿಂಗ್ ಆದೇಶ ಹೊರಡಿಸಿದ: ಜರ್ಮನಿಯ ಯಹೂದಿಗಳೆಲ್ಲ ಸೇರಿ 100 ಕೋಟಿ ರೀಚ್‌ಮಾರ್ಕ್ ದಂಡ ಕಟ್ಟಬೇಕು. ಒಡೆದ ಅಂಗಡಿಗಳನ್ನು ತಮ್ಮ ಖರ್ಚಿನಲ್ಲೇ ರಿಪೇರಿ ಮಾಡಿಸಬೇಕು, ಬರಬೇಕಾದ ವಿಮೆಯ ಹಣ ಸರ್ಕಾರಕ್ಕೆ ಸೇರುತ್ತದೆ. ಅದಾದ ಮೂರೇ ದಿನಕ್ಕೆ ಅವರ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದ ಹೊರಹಾಕಿದರು. ಒಂದನೇ ಕ್ಲಾಸಿನ ಮಗು ಪ್ಯಾರಿಸ್‌ನ ಗುಂಡಿಗೆ ಏನೆಂದು ಉತ್ತರ ಹೇಳಬೇಕು?

ನಿಮ್ಮ ಸಹೋದ್ಯೋಗಿಗೆ ಇಸವಿಗಳನ್ನು ನೋಡಲು ಹೇಳಿ. ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆದದ್ದು 1933ರಲ್ಲಿ. ಪೌರತ್ವ ಕಿತ್ತುಕೊಂಡ ನ್ಯೂರೆಂಬರ್ಗ್ ಕಾನೂನುಗಳು ಬಂದದ್ದು 1935ರಲ್ಲಿ. ಕೊಲೆ ನಡೆದದ್ದು 1938ರಲ್ಲಿ. ಶಿಕ್ಷೆ ಮೊದಲೇ ಶುರುವಾಗಿತ್ತು, ಅಪರಾಧ ಆಮೇಲೆ ಸಿಕ್ಕಿತು. ಇನ್ನೊಂದು ಮಾತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡುತ್ತ ಸುಮಾರು 12,000 ಯಹೂದಿ ಸೈನಿಕರು ಸತ್ತಿದ್ದರು. ಅವರ ಪ್ರಾಣ ಸಮುದಾಯದ ಖಾತೆಗೆ ಜಮೆಯಾಗಲಿಲ್ಲ, ಒಬ್ಬ ಹುಡುಗನ ಅಪರಾಧ ಮಾತ್ರ ಎಲ್ಲರ ಹೆಸರಿಗೂ ಬಿತ್ತು.

ಈ ಚಾಳಿಯ ಬೇರು ನಾಜಿಗಳಿಗಿಂತ ಎಷ್ಟೋ ಹಳೆಯದು. ಏಸುವನ್ನು ಕೊಂದವರು ಎಂಬ ಅಪವಾದವನ್ನು ಯುರೋಪಿನ ಯಹೂದಿಗಳು ತಲೆತಲಾಂತರ ಹೊತ್ತರು. ಪ್ಲೇಗಿನ ಭೀತಿ ಹಬ್ಬಿದ್ದ 1349ರಲ್ಲಿ, ಬಾವಿಗಳಿಗೆ ವಿಷ ಹಾಕಿದರೆಂದು ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಜನರನ್ನು ಜೀವಂತ ಸುಟ್ಟರು. ಏಸುವಿನ ಸಾವಿನ ಹೊಣೆಯನ್ನು ಆಗಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದು ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಸಭೆ ಸಾರಿದ್ದು 1965ರಲ್ಲಿ. ಅಷ್ಟು ಹೊತ್ತಿಗೆ ನಾಜಿಗಳು ಅರವತ್ತು ಲಕ್ಷ ಜನರನ್ನು ಕೊಂದಾಗಿತ್ತು.

ಪ್ರಶ್ನೆ: ಇಸ್ರೇಲ್ ಸರ್ಕಾರವನ್ನು ಟೀಕಿಸಿದರೆ ಯಹೂದಿ ದ್ವೇಷಿ ಎನ್ನುತ್ತಾರಲ್ಲ?
– ಓದುಗರು, ಹುಬ್ಬಳ್ಳಿ

ಉತ್ತರ: ಟೀಕಿಸಿ, ಧಾರಾಳವಾಗಿ ಟೀಕಿಸಿ. ಮಂತ್ರಿಯ ಹೆಸರು ಹೇಳಿ, ಆದೇಶ ಯಾವುದು, ಬಾಂಬು ಬಿದ್ದದ್ದು ಎಲ್ಲಿ ಹೇಳಿ. 2023ರಲ್ಲಿ ನ್ಯಾಯಾಂಗದ ಅಧಿಕಾರ ಮೊಟಕುಗೊಳಿಸಲು ಹೊರಟ ತಮ್ಮದೇ ಸರ್ಕಾರದ ವಿರುದ್ಧ ಟೆಲ್ ಅವಿವ್‌ನಲ್ಲಿ ಇಸ್ರೇಲಿಗಳೇ ವಾರವಾರವೂ ಬೀದಿಗಿಳಿದಿದ್ದರು. ಅವರನ್ನು ಯಹೂದಿ ದ್ವೇಷಿಗಳು ಎನ್ನಲಾದೀತೇ? ‘ಸರ್ಕಾರ’ ಎಂದು ಶುರುವಾದ ಮಾತು ‘ಆ ಜನವೇ ಹಾಗೆ’ ಎಂದು ಹೊರಳಿದ ಕಡೆ ಮಾತ್ರ ನಿಮ್ಮನ್ನು ನೀವು ತಡೆದುಕೊಳ್ಳಿ. ಜಗತ್ತಿನ ಯಹೂದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಸ್ರೇಲಿನ ಹೊರಗಿದ್ದಾರೆ. 2023ರ ಅಕ್ಟೋಬರ್ 7ರಂದು ಗಾಜಾವನ್ನು ಆಳುತ್ತಿದ್ದ ಹಮಾಸ್‌ನ ದಾಳಿಯಲ್ಲಿ ಇಸ್ರೇಲಿನ ಬೇರಿ ಎಂಬ ಊರಿನ ವಿವಿಯನ್ ಸಿಲ್ವರ್ ಸತ್ತರು. ಪ್ಯಾಲೆಸ್ತೀನಿಯರೊಂದಿಗೆ ಶಾಂತಿ ಬೇಕೆಂದು ದಶಕಗಳಿಂದ ದುಡಿದಿದ್ದ ಹೆಣ್ಣುಮಗಳು ಆಕೆ. ಹಮಾಸ್ ಮಾಡಿದ್ದನ್ನು ಗಾಜಾದ ಪ್ರತಿ ತಾಯಿಯ ತಲೆಗೆ ಕಟ್ಟುವುದೂ ಅಷ್ಟೇ ದೊಡ್ಡ ಅನ್ಯಾಯ.

ಪ್ರಶ್ನೆ: ತಮ್ಮವರು ತಪ್ಪು ಮಾಡಿದಾಗ ಆ ಸಮುದಾಯದವರಾದರೂ ಖಂಡಿಸಬೇಡವೇ?
– ಓದುಗರು, ಮಡಿಕೇರಿ

ಉತ್ತರ: ತಾವಾಗಿಯೇ ಖಂಡಿಸಿದರೆ ದೊಡ್ಡ ಮಾತು. 2008ರ ನವೆಂಬರ್‌ನಲ್ಲಿ ಮುಂಬೈಗೆ ನುಗ್ಗಿದ ಉಗ್ರರು ಕೊಲಾಬಾದ ಇಕ್ಕಟ್ಟು ಗಲ್ಲಿಯಲ್ಲಿದ್ದ ನಾರಿಮನ್ ಹೌಸನ್ನು ಹುಡುಕಿಕೊಂಡು ಹೋದದ್ದು ಅಲ್ಲಿ ಯಹೂದಿಗಳಿದ್ದಾರೆ ಎಂಬ ಒಂದೇ ಕಾರಣಕ್ಕೆ. ಸತ್ತ ಒಂಬತ್ತು ಉಗ್ರರನ್ನು ಹೂಳಲು ಮುಂಬೈನ ಜುಮ್ಮಾ ಮಸೀದಿ ಟ್ರಸ್ಟ್ ತನ್ನ ಖಬರಸ್ತಾನದಲ್ಲಿ ಜಾಗ ಕೊಡಲಿಲ್ಲ. ಅದನ್ನು ನೆನೆದಾಗ ನನಗೆ ಈಗಲೂ ಕೈಮುಗಿಯಬೇಕು ಅನಿಸುತ್ತದೆ. ಆದರೆ ಟ್ರಸ್ಟ್ ಹಾಗೆ ಮಾಡದಿದ್ದರೂ ಕುರ್ಲಾದ ಒಬ್ಬ ಮುಸ್ಲಿಂ ದರ್ಜಿ ಅಪರಾಧಿಯಾಗುತ್ತಿರಲಿಲ್ಲ. ‘ಖಂಡಿಸಿದೆಯಾ?’ ಎಂದು ಅವನನ್ನು ನಿಲ್ಲಿಸಿ ಕೇಳುವವನು ಆಗಲೇ ಅವನನ್ನು ಆರೋಪಿಗಳ ಸಾಲಿಗೆ ಸೇರಿಸಿಯಾಯಿತು. ಇಂದಿರಾ ಗಾಂಧಿಯವರನ್ನು ಕೊಂದವರು ಇಬ್ಬರು ಅಂಗರಕ್ಷಕರು. ಅದಕ್ಕಾಗಿ ದೆಹಲಿಯಲ್ಲಿ, ಸರ್ಕಾರಿ ಲೆಕ್ಕದಲ್ಲೇ, 2,733 ಸಿಖ್ಖರು ಕೊಲೆಯಾದರು. ಅವರನ್ನು ಮನೆಯಿಂದ ಎಳೆದವರು ‘ನೀನು ಖಂಡಿಸಿದೆಯಾ’ ಎಂದು ಕೂಡ ಕೇಳಲಿಲ್ಲ, ತಲೆಯ ಮೇಲಿನ ಪೇಟವನ್ನಷ್ಟೇ ನೋಡಿದರು.