ಬ್ರುಕ್ನರ್ ಅವರ ‘ಲೋಕುಸ್ ಇಸ್ತೆ’ ಹಾಡುವಾಗ ನಡುವೆ ಶ್ರುತಿ ಇಳಿಯುವುದೇಕೆ?

ಆಂಟನ್ ಬ್ರುಕ್ನರ್ (1824–1896) ಆಸ್ಟ್ರಿಯಾದ ಆನ್ಸ್‌ಫೆಲ್ಡನ್ ಎಂಬ ಹಳ್ಳಿಯ ಶಾಲಾ ಮೇಷ್ಟರ ಮಗ. 1837ರಲ್ಲಿ ತಂದೆ ತೀರಿಕೊಂಡ ಮೇಲೆ ಸೇಂಟ್ ಫ್ಲೋರಿಯನ್ ಮಠದ ಗಾಯಕವೃಂದ ಸೇರಿದರು. ಮುಂದೆ ಲಿಂಜ್ ಕ್ಯಾಥೆಡ್ರಲ್‌ನಲ್ಲಿ ಆರ್ಗನ್ ವಾದಕರಾದರು. ಅಲ್ಲಿನ ಹೊಸ ಕ್ಯಾಥೆಡ್ರಲ್‌ನ ಹರಕೆ ಚಾಪೆಲ್‌ಗಾಗಿ 1869ರಲ್ಲಿ ‘ಲೋಕುಸ್ ಇಸ್ತೆ’ (‘ಈ ಸ್ಥಳ’) ಎಂಬ ಈ ಲ್ಯಾಟಿನ್ ವೃಂದಗಾನ ರಚಿಸಿದರು. ನಾಲ್ಕು ದನಿ (ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್), ವಾದ್ಯವಿಲ್ಲ, ಬರೀ 48 ಬಾರ್ (ತಾಳದ ಖಂಡಗಳು), ಸುಮಾರು ಮೂರು ನಿಮಿಷ.

ಶ್ರುತಿ ಜಾರುವುದು ‘ಇರ್ರೆಪ್ರೆಹೆನ್ಸಿಬಿಲಿಸ್’ (ದೋಷವಿಲ್ಲದ್ದು) ಎಂಬ ಪದದಲ್ಲಿ. ಅಲ್ಲಿ ಬಾಸ್ ಪೂರ್ತಿ ಸುಮ್ಮನಿರುತ್ತದೆ, ಆಧಾರ ತಪ್ಪುತ್ತದೆ. ಉಳಿದ ಮೂರು ದನಿಗಳು ಮೆಲ್ಲಗೆ, ಅರ್ಧ ಸ್ವರದ ಹೆಜ್ಜೆಗಳಲ್ಲಿ ಸಾಗುತ್ತವೆ. ಇಳಿಯುವ ಅರ್ಧ ಸ್ವರವನ್ನು ಗಾಯಕರು ತುಸು ಹೆಚ್ಚೇ ಇಳಿಸುತ್ತಾರೆ. ಬಾಸ್ ಮರಳಿದಾಗ ಗುಟ್ಟು ಬಯಲಾಗುತ್ತದೆ.

ಟೆನರ್ ಸಾಲನ್ನು ಮೊದಲು ಒಂಟಿಯಾಗಿ, ‘ನೂ’ ಎಂಬ ಒಂದೇ ಉಚ್ಚಾರದಲ್ಲಿ ಕಲಿಸಿ. ಆಮೇಲೆ ಆಲ್ಟೊ, ಸೊಪ್ರಾನೊ ಸೇರಿಸಿ, ಭಾಗ ಮುಗಿದೊಡನೆ ಪಿಯಾನೊದಲ್ಲಿ ಸ್ವರ ತಾಳೆ ನೋಡಿ. ಮೆಲ್ಲಗೆ ಹಾಡುವಾಗಲೂ ಉಸಿರಿನ ಒತ್ತು ಸಡಿಲಬಾರದು. ವೇಗವೂ ಮುಖ್ಯ: ಬ್ರುಕ್ನರ್ ಬರೆದದ್ದು ‘ಅಲೆಗ್ರೊ ಮಾಡೆರಾಟೊ’, ಅಂದರೆ ಹದವಾದ ಚುರುಕು. ಭಕ್ತಿಯೆಂದು ಎಳೆದು ಹಾಡಿದರೆ ಉಸಿರು ಸಾಲದೆ ಶ್ರುತಿ ಇನ್ನೂ ಕುಸಿಯುತ್ತದೆ.

ಕೊನೆಯ ಸಾಲಿಗೆ ಮುಂಚಿನ ಮೌನವನ್ನು ದಯವಿಟ್ಟು ನುಂಗಬೇಡಿ. ಕಲ್ಲಿನ ಗೋಡೆಗಳಲ್ಲಿ ಮಾರ್ದನಿ ಅಡಗಿದ ಮೇಲೆಯೇ ಮುಂದಿನ ಸ್ವರ ಬರಲಿ.