10 ಅಡಿ ಸ್ಟಾಲು ಅಂದರೆ 10 ಅಡಿ ಇರುವುದಿಲ್ಲ

ಅಕ್ಕಾ, ನಿಮ್ಮ ಪ್ರಶ್ನೆ ನೋಡಿದೆ. ಹೊಸನಗರದ ಕಡೆಯ ನಿಮ್ಮ ಸಂಘ ವರ್ಷಕ್ಕೆ ನಾಲ್ಕೈದು ಮೇಳಕ್ಕೆ ಹೋಗುತ್ತದೆ. ಪ್ರತಿ ಸಲ ಮೇಜಿನ ಬಾಡಿಗೆ, ಬಟ್ಟೆ, ಬ್ಯಾನರ್ ಅಂತ ಖರ್ಚು, ಮುಗಿದ ಮೇಲೆ ಅರ್ಧ ಕಸ. ಅದಕ್ಕೆ ಬಿಚ್ಚಿ ಮತ್ತೆ ಜೋಡಿಸುವಂಥ ಸ್ಟಾಲು ಒಂದನ್ನು ಮಾಡಿಸಿಕೊಳ್ಳಬಹುದಾ, ಬಿದಿರಾ ಕಬ್ಬಿಣವಾ ಅಂತ ಕೇಳಿದ್ದೀರಿ. ನಾವು ಸಾಗರದ ಕಡೆಯವರು. ಜೇನು, ಅಪ್ಪೆಮಿಡಿ ಉಪ್ಪಿನಕಾಯಿ, ಕಾಳುಮೆಣಸು ಮಾರುತ್ತೇವೆ. ಆರು ವರ್ಷದಿಂದ ಒಂದೇ ಸಾಮಾನು ಹೊತ್ತು ತಿರುಗುತ್ತಿದ್ದೇವೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಮಾತು: ಸ್ಟಾಲು ಮಾಡಿಸಬೇಡಿ. ಸ್ಟಾಲಿನ ಒಳಗೆ ಇಡುವುದನ್ನು ಮಾಡಿಸಿ.

ಯಾಕೆಂದರೆ ದೊಡ್ಡ ಮೇಳಗಳಲ್ಲಿ ಗೋಡೆ, ಚಾವಣಿ ಮೇಳ ನಡೆಸುವವರೇ ಕೊಡುತ್ತಾರೆ. ಅಲ್ಯೂಮಿನಿಯಂ ಕಂಬ, ನಡುವೆ ಬಿಳಿ ಹಲಗೆ ಇರುತ್ತದಲ್ಲ, ಅದೇ. ಅದಕ್ಕೆ ಆಕ್ಟನಾರ್ಮ್ ಅನ್ನುತ್ತಾರೆ. ಕಂಬಕ್ಕೆ ಎಂಟು ಮುಖ, ಮುಖಕ್ಕೊಂದು ಸೀಳು. ಯಾವ ಸೀಳಿಗೆ ಬೇಕಾದರೂ ಹಲಗೆ ಕೂರಿಸಬಹುದು. ಹಲಗೆ 1 ಮೀಟರ್ ಅಗಲ, ಸುಮಾರು ಎರಡೂವರೆ ಮೀಟರ್ ಎತ್ತರ. ಇವತ್ತು ಶಿವಮೊಗ್ಗದಲ್ಲಿ ನಿಂತ ಹಲಗೆ ಮುಂದಿನ ವಾರ ಬೇರೆ ಊರಲ್ಲಿ ನಿಲ್ಲುತ್ತದೆ. ಅದರೊಳಗೆ ನಾವು ಇನ್ನೊಂದು ಗೋಡೆ ಹೊತ್ತುಕೊಂಡು ಹೋಗುವುದು ದಂಡ ಅಲ್ವಾ?

ನಾವು ಮಾಡಿದ್ದು ಅದನ್ನೇ. ಅರ್ಜಿಯಲ್ಲಿ 10 x 10 ಅಡಿ ಅಂತ ಬರೆದಿತ್ತು. ನಾವು 10 ಅಡಿ ಅಗಲದ ಫ್ರೇಮು ಬೆಸುಗೆ ಹಾಕಿಸಿಕೊಂಡು ಹೋದೆವು. ಅಲ್ಲಿ ಸ್ಟಾಲು ನಿಜವಾಗಿ 3 x 3 ಮೀಟರ್. 3 ಮೀಟರ್ ಅಂದರೆ 9 ಅಡಿ 10 ಇಂಚು, ಅದರಲ್ಲೂ ಕಂಬದ ದಪ್ಪ ಕಳೆಯಬೇಕು. ಎರಡು ಮೂರು ಇಂಚಿಗೆ ಇಡೀ ಫ್ರೇಮು ಒಳಗೆ ಹೋಗಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಗರಗಸ ಹುಡುಕಿಕೊಂಡು ಅಲೆದೆ. ಕೊನೆಗೆ ಅದನ್ನು ಸ್ಟಾಲಿನ ಹಿಂದೆ ನಿಲ್ಲಿಸಿ, ಬಾಡಿಗೆ ಮೇಜಿನ ಮೇಲೇ ಮಾರಿದೆವು.

ಆಮೇಲೆ ಅದೇ ಕಬ್ಬಿಣವನ್ನು ತುಂಡು ಮಾಡಿ, ಕಡಿಮೆ ಬಿದ್ದದ್ದನ್ನು ಸೇರಿಸಿ, ಬ್ಯಾನರು, ಲೈಟು ಹಾಕಲು ನಿಲ್ಲಿಸುವ ಮೂರು ಫ್ರೇಮು ಮಾಡಿಸಿದೆವು. ಒಂದೊಂದು 3 ಅಡಿ ಅಗಲ. ಮೂರು ಸೇರಿದರೆ 9 ಅಡಿ. ಉಳಿದ ಜಾಗದಲ್ಲಿ ವೈರು, ನಮ್ಮ ಊಟದ ಡಬ್ಬಿ. ಸಣ್ಣ ಸ್ಟಾಲು ಸಿಕ್ಕರೆ ಎರಡೇ ಫ್ರೇಮು. ಮೂಲೆ ಸ್ಟಾಲು ಸಿಕ್ಕರೆ ಎರಡು ಹಿಂದೆ, ಒಂದು ಪಕ್ಕಕ್ಕೆ. ಸಂತೆಯಲ್ಲಿ ಬರೀ ಒಂದು.

ಎತ್ತರ ಎಷ್ಟಿಡಬೇಕು ಅನ್ನುವುದನ್ನು ಪೈಪೇ ಹೇಳುತ್ತದೆ. ಪೈಪು ಬರುವುದು 20 ಅಡಿ ಉದ್ದ. ಸಮ ಮೂರು ತುಂಡು ಮಾಡಿದರೆ ಒಂದೊಂದು 6 ಅಡಿ 8 ಇಂಚು. ಒಂದು ಇಂಚೂ ವೇಸ್ಟ್ ಇಲ್ಲ. ಟಾಟಾ ಏಸಿನ ಹಿಂದಿನ ತೊಟ್ಟಿ 7 ಅಡಿಗಿಂತ ಚೂರು ಜಾಸ್ತಿ ಉದ್ದ ಇರುತ್ತದೆ, ಅಗಲ ಹತ್ತಿರ ಹತ್ತಿರ 5 ಅಡಿ. ಫ್ರೇಮು ಚಪ್ಪಟೆಯಾಗಿ ಮಲಗುತ್ತದೆ, ಅದರ ಮೇಲೆ ಸಾಮಾನು. ನೀವು ಯಾವ ಗಾಡಿಯಲ್ಲಿ ಹೋಗುತ್ತೀರಿ ನೋಡಿ, ಮೊದಲು ಅದರ ತೊಟ್ಟಿ ಅಳೆಯಿರಿ. ಸ್ಟಾಲಿನ ಅಳತೆ ಆಮೇಲೆ.

1 ಇಂಚಿನ ಚೌಕ ಪೈಪು, 16 ಗೇಜ್ (ಗೇಜ್ ಅಂದರೆ ಪೈಪಿನ ತಗಡಿನ ದಪ್ಪದ ಲೆಕ್ಕ). ಇದಕ್ಕಿಂತ ದಪ್ಪ ಬೇಡ, ವೆಲ್ಡಿಂಗ್ ಅಂಗಡಿಯವರು ಒಂದೂವರೆ ಇಂಚು ಹಾಕಿ ಅನ್ನುತ್ತಾರೆ, ಕೇಳಬೇಡಿ. ಗೇಟು ಮಾಡಿ ಮಾಡಿ ಅವರಿಗೆ ಅದೇ ಅಭ್ಯಾಸ. ನಿಲುವಿಗೆ 6 ತುಂಡು, ಅಂದರೆ ಎರಡು ಪೈಪು. ಅಡ್ಡಕ್ಕೆ ಫ್ರೇಮಿಗೆ ಮೂರರಂತೆ 9, ಕೆಳಗಿನ ಪಾದಕ್ಕೆ ಒಂದೂವರೆ ಅಡಿಯ 6, ಇವೆರಡೂ ಸೇರಿ ಇನ್ನೆರಡು ಪೈಪಿನಲ್ಲಿ ಆಗುತ್ತದೆ. ಒಟ್ಟು 4 ಪೈಪು. ಒಂದು ಪೈಪು ಸುಮಾರು 7 ಕಿಲೋ, ಎಲ್ಲಾ ಸೇರಿ 28 ಕಿಲೋ. ಇಬ್ಬರು ಹೆಂಗಸರು ಆರಾಮಾಗಿ ಎತ್ತಿ ನಿಲ್ಲಿಸಬಹುದು. ಅಲ್ಯೂಮಿನಿಯಂ ಆದರೆ ಮೂರರಲ್ಲಿ ಒಂದು ಪಾಲು ತೂಕ, ಆದರೆ ನಮ್ಮ ಕಡೆ ಅದನ್ನು ಚೆನ್ನಾಗಿ ಬೆಸೆಯುವವರು ಸಿಗುವುದು ಕಷ್ಟ. ಮೇಳದ ಹಿಂದಿನ ದಿನ ಮುರಿದರೆ ಕಬ್ಬಿಣಕ್ಕೆ ಯಾವ ಊರಲ್ಲಾದರೂ ರಿಪೇರಿ ಇದೆ.

ಬೋಲ್ಟು ಎಲ್ಲೆಲ್ಲೂ ಹಾಕಿಸಬೇಡಿ. ಚೌಕಟ್ಟನ್ನು ಬೆಸೆದುಬಿಡಿ. ಫ್ರೇಮಿಗೂ ಫ್ರೇಮಿಗೂ ನಡುವೆ ಎರಡೆರಡು, ಪಾದಕ್ಕೆ ಎರಡೆರಡು, ಅಷ್ಟೇ. 16 ಬೋಲ್ಟು ಆಯಿತು. ಎಲ್ಲಾ ಒಂದೇ ಸೈಜು ಇರಲಿ, ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು ಹಾಕಿ, ಸ್ಪ್ಯಾನರ್ ಹುಡುಕುವ ಕೆಲಸ ಇರುವುದಿಲ್ಲ. ಡಬ್ಬಿಯಲ್ಲಿ 24 ಇಟ್ಟಿರಿ. ಕಳೆಯುತ್ತವೆ. ಎಲ್ಲಿ ಹೋಗುತ್ತವೋ ಗೊತ್ತಿಲ್ಲ, ಪ್ರತಿ ಮೇಳದಲ್ಲೂ ಒಂದೆರಡು ಹೋಗೇ ಹೋಗುತ್ತವೆ. ಸೇರುವ ಜಾಗಕ್ಕೆ ಬಣ್ಣ ಬಳಿಯಿರಿ, ಹಳದಿಗೆ ಹಳದಿ, ಕೆಂಪಿಗೆ ಕೆಂಪು. ಮೊದಲ ಸಲ ಬಂದವರೂ ಕೇಳದೆ ಜೋಡಿಸುತ್ತಾರೆ.

ಇನ್ನು ಮೇಜು. ನನ್ನನ್ನು ಕೇಳಿದರೆ ಮೇಜೇ ಬೇಡ. ಪ್ಲಾಸ್ಟಿಕ್ ಕ್ರೇಟು ಇದೆಯಲ್ಲ, ತರಕಾರಿಯವರದ್ದು, ಅದರಲ್ಲಿ ಬಾಟಲಿ ತುಂಬಿಕೊಂಡು ಹೋಗಿ. ಅಲ್ಲಿ ಖಾಲಿ ಮಾಡಿ ಬೋರಲು ಹಾಕಿ, ಮೂರು ಮೂರು ಪೇರಿಸಿ, ಮೇಲೆ ಪ್ಲೈವುಡ್ ಇಟ್ಟರೆ ಕೌಂಟರು. ಹಿಂದಿನ ಸಾಲಿಗೆ ಇನ್ನೊಂದು ಏರಿಸಿದರೆ ಮೆಟ್ಟಿಲು. ಸಾಮಾನು ತರುವ ಪೆಟ್ಟಿಗೆಯೇ ಸಾಮಾನು ಇಡುವ ಕಟ್ಟೆ. ವಾಪಸ್ ಬರುವಾಗ ಉಳಿದದ್ದು ಮತ್ತೆ ಅದರೊಳಗೆ. ಗಾಜಿನ ಬಾಟಲಿ ನಡುವೆ ಅಡಿಕೆ ಹಾಳೆ ಕತ್ತರಿಸಿ ಸಿಕ್ಕಿಸಿ. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋದಾಗಲೂ ಒಂದೂ ಒಡೆದಿಲ್ಲ. ಪ್ಲೈವುಡ್ 8 x 4 ಅಡಿಯ ಒಂದು ಹಾಳೆ ತಂದು ಉದ್ದಕ್ಕೆ ಸೀಳಿ, ಆಮೇಲೆ ನಡುವೆ ತುಂಡು ಮಾಡಿಸಿ, 4 x 2 ಅಡಿಯ ನಾಲ್ಕು ಹಲಗೆ ಆಗುತ್ತದೆ. ಎಂಆರ್ (ಬರೀ ತೇವ ತಡೆಯುವುದು) ಅಂತ ಬರೆದ ಅಗ್ಗದ್ದು ಬೇಡ, ಬಿಡಬ್ಲ್ಯೂಪಿ (ಕುದಿಯುವ ನೀರನ್ನೂ ತಡೆಯುವುದು) ಅಂತ ಇರುವುದನ್ನೇ ಕೇಳಿ. ನಮ್ಮ ಮಳೆಗಾಲಕ್ಕೆ ಎಂಆರ್ ಹಲಗೆ ಎರಡೇ ವರ್ಷದಲ್ಲಿ ಹಪ್ಪಳದ ಹಾಗೆ ಪದರ ಬಿಟ್ಟಿತು.

ಬಿದಿರಿನ ವಿಷಯ. ನೋಡಲು ಬಿದಿರೇ ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸಿ ಬಿದಿರು ಕಡಿದು ಹಾಗೇ ಕಟ್ಟಿದರೆ ಕುಟ್ಟೆ ಹುಳ ಹಿಡಿಯುತ್ತದೆ. ಮೇಳದಲ್ಲಿ ಉಪ್ಪಿನಕಾಯಿ ಬಾಟಲಿ ಮೇಲೆ ಹಳದಿ ಹಿಟ್ಟು ಉದುರಿದರೆ ಗಿರಾಕಿ ಏನಂದುಕೊಂಡಾರು? ಹಳ್ಳದ ನೀರಲ್ಲಿ ಕೆಲವು ವಾರ ಮುಳುಗಿಸಿಟ್ಟರೆ ಒಳಗಿನ ಹಿಟ್ಟಿನಂಶ ಇಳಿದು ಹುಳದ ಕಾಟ ಕಡಿಮೆಯಾಗುತ್ತದೆ. ಬೋರಾಕ್ಸ್, ಬೋರಿಕ್ ಆಸಿಡ್ ಸೇರಿಸಿದ ನೀರಲ್ಲಿ ನೆನೆಸುವುದು ಇನ್ನೂ ಗಟ್ಟಿ. ಇನ್ನೊಂದು ತೊಂದರೆ, ಬಿದಿರಿನ ದಪ್ಪ ಒಂದರಂತೆ ಒಂದಿಲ್ಲ, ಎಡಬದಿಯದು ಬಲಬದಿಗೆ ಕೂರುವುದಿಲ್ಲ. ಭಾರ ಹೊರಲು ಕಬ್ಬಿಣ, ಕಣ್ಣಿಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ನಾವು ಹಾಗೆ ಮಾಡಿದ್ದೇವೆ. ದಬ್ಬೆಯನ್ನು ಹಗ್ಗದಲ್ಲಿ ಹೆಣೆದು ಚಾಪೆಯ ಹಾಗೆ ಸುತ್ತಿ ಒಯ್ಯುತ್ತೇವೆ, ಕ್ರೇಟಿನ ಮುಂದೆ ಇಳಿಬಿಟ್ಟರೆ ಪ್ಲಾಸ್ಟಿಕ್ ಕಾಣುವುದಿಲ್ಲ. ಹೊಸದೇನಲ್ಲ ಬಿಡಿ. ಅಡಿಕೆ ಒಣಗಿಸಲು ಅಂಗಳದಲ್ಲಿ ಚಪ್ಪರ ಹಾಕಿ, ಮಳೆಗೆ ಮೊದಲು ಕಳಚಿ, ಅದೇ ಕಂಬ ಅದೇ ದಬ್ಬೆ ಮುಂದಿನ ವರ್ಷಕ್ಕೆ ಎತ್ತಿಡುವವರೇ ನಾವೆಲ್ಲ.

ಬ್ಯಾನರಿಗೆ ಫ್ಲೆಕ್ಸ್ ಬೇಡ. 2016ರಿಂದ ರಾಜ್ಯದಲ್ಲಿ ಅದಕ್ಕೆ ನಿಷೇಧವೇ ಇದೆ, ಎಲ್ಲಾ ಕಡೆ ಕಂಡರೂ. ಹತ್ತಿ ಬಟ್ಟೆ ಮೇಲೆ ಸಂಘದ ಹೆಸರು, ಊರು ಅಷ್ಟೇ ಬರೆಸಿ. ಮೇಳದ ಹೆಸರು, ಇಸವಿ, ರೇಟು ಯಾವುದೂ ಅದರ ಮೇಲೆ ಬೇಡ, ಬರೆದ ಕೂಡಲೇ ಅದು ಒಂದು ಸಲದ ಬಟ್ಟೆ ಆಗಿಬಿಡುತ್ತದೆ. ರೇಟಿಗೆ ಸ್ಲೇಟು, ಬಳಪ. ಎಫ್ಎಸ್ಎಸ್ಎಐ (ಆಹಾರ ಮಾರುವ ಪರವಾನಗಿ) ನಂಬರಿಗೆ ಬೇರೆ ಸಣ್ಣ ಬೋರ್ಡು, ಅದು ಕಾಣುವ ಹಾಗಿರಬೇಕು. ಬಟ್ಟೆಯನ್ನು ಫ್ರೇಮಿಗೆ ವೆಲ್ಕ್ರೋದಲ್ಲಿ ಅಂಟಿಸಿ. ಮೇಳದವರ ಬಿಳಿ ಹಲಗೆಗೆ ಮೊಳೆ, ಡಬಲ್ ಟೇಪು ಹಾಕಿದರೆ ದಂಡ ಕೇಳುತ್ತಾರೆ.

ಲೈಟು ಮರೆಯಬೇಡಿ. ಮೇಳದವರು ಕೊಡುವುದು ಒಂದೋ ಎರಡೋ ಬೆಳ್ಳಗಿನ ದೀಪ. ಅದರ ಕೆಳಗೆ ಉಪ್ಪಿನಕಾಯಿ ಸತ್ತ ಹಾಗೆ ಕಾಣುತ್ತದೆ. ಹಳದಿ ಬೆಳಕಿನ ಎಲ್ಇಡಿ ಪಟ್ಟಿಯನ್ನು ಫ್ರೇಮಿನ ಅಡ್ಡಪಟ್ಟಿಗೆ ಕಾಯಂ ಆಗಿ ಅಂಟಿಸಿಬಿಡಿ. ಜೇನಿನ ಬಾಟಲಿ ಹಿಂದೆ ಆ ಬೆಳಕು ಬಿದ್ದರೆ ಜನ ತಾವಾಗಿ ಹತ್ತಿರ ಬರುತ್ತಾರೆ. ಉದ್ದದ ಎಕ್ಸ್‌ಟೆನ್ಶನ್ ಬಾಕ್ಸು ನಿಮ್ಮದೇ ಇರಲಿ.

ಸಾಗರದ ಮಾರಿಜಾತ್ರೆ ಥರದ ಕಡೆ ಬಯಲಲ್ಲಿ ಜಾಗ ಸಿಕ್ಕರೆ ಮಾತ್ರ ಮೇಲೆ ಸೂರು ಬೇಕು. ಅದಕ್ಕೆ ಮಡಚುವ ಛತ್ರಿ ಟೆಂಟು ಬಾಡಿಗೆಗೆ ತನ್ನಿ, ಕೊಳ್ಳಬೇಡಿ. ಕಾಲಿಗೊಂದು 20 ಲೀಟರ್ ನೀರಿನ ಕ್ಯಾನು ಕಟ್ಟಿ, ಗಾಳಿ ಬಂದರೆ ಹಾರುವುದಿಲ್ಲ, ಕುಡಿಯಲೂ ಆಯಿತು. ಕುಡಿದು ಖಾಲಿ ಮಾಡಬೇಡಿ ಮತ್ತೆ.

ನಮಗೆ ಕಬ್ಬಿಣ, ಕೂಲಿ, ಹಲಗೆ, ಬಟ್ಟೆ, ಲೈಟು ಎಲ್ಲಾ ಸೇರಿ 14 ಸಾವಿರದ ಹತ್ತಿರ ಬಂತು. ಆ ಹಾಳಾದ 10 ಅಡಿ ಫ್ರೇಮಿನ ಕೂಲಿ ಇದರಲ್ಲಿ ಸೇರಿಲ್ಲ. ನಾಲ್ಕು ಮೇಳಕ್ಕೆ ಬಾಡಿಗೆಯ ದುಡ್ಡು ವಾಪಸ್ ಬಂದಿದೆ. ವರ್ಷಕ್ಕೆ ಒಂದೇ ಮೇಳಕ್ಕೆ ಹೋಗುವವರಿಗೆ ಇದೆಲ್ಲ ಬೇಡ, ಸುಮ್ನೆ ಬಾಡಿಗೆ ತೆಗೆದುಕೊಳ್ಳಿ. ಅಥವಾ ಅಕ್ಕಪಕ್ಕದ ಎರಡು ಸಂಘ ಸೇರಿ ಒಂದು ಸೆಟ್ ಮಾಡಿಸಿ. ಆದರೆ ಅದು ಯಾರ ಮನೆಯಲ್ಲಿ ಇರಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

ಇಡುವ ಜಾಗ ಅಂದರೆ ನಮ್ಮಲ್ಲಿ ಬಚ್ಚಲ ಒಲೆಯ ಮೇಲಿನ ಅಟ್ಟ. ಹೊಗೆ, ಬಿಸಿ ಇರುತ್ತದೆ, ಜುಲೈನಲ್ಲೂ ಹಲಗೆಗೆ ಬೂಷ್ಟು ಬಂದಿಲ್ಲ. ಬಟ್ಟೆ ಮಾತ್ರ ಅಲ್ಲಿಡಬೇಡಿ, ಹೊಗೆ ವಾಸನೆ ಹೋಗುವುದಿಲ್ಲ. ಪೈಪಿಗೆ ರೆಡ್ ಆಕ್ಸೈಡ್ ಎರಡು ಸಲ ಬಳಿಸಿ, ತೆರೆದ ತುದಿಗೆ ಪ್ಲಾಸ್ಟಿಕ್ ಬಿರಡೆ ಹಾಕಿ. ತುಕ್ಕು ಶುರುವಾಗುವುದು ಒಳಗಿನಿಂದ.

ಸಾಗರದ ಕಡೆ ಬಂದರೆ ಹೇಳಿ, ಅಟ್ಟದಿಂದ ಇಳಿಸಿ ತೋರಿಸುತ್ತೇನೆ. ಬರುವಾಗ ಅಳತೆ ಟೇಪು ತನ್ನಿ. ನಮ್ಮದು ಕಳೆದ ಮೇಳದಲ್ಲಿ ಬೋಲ್ಟುಗಳ ಜೊತೆ ಹೋಯಿತು.